‘ಕಾರ್ಬೊರೇಟರ್ ಗಲೀಜು ಅಷ್ಟೇ’ ಅಂತಾರೆ, ಜನರೇಟರ್ ತಗೋಬಹುದಾ?

ಪ್ರಶ್ನೆ (ಕಲಬುರಗಿ): ಆಳಂದ ರೋಡಿನಲ್ಲಿ ನಮ್ಮದು ಸಣ್ಣ ಟೇಲರಿಂಗ್ ಅಂಗಡಿ. ಮೂರು ಮಷಿನ್, ಲೈಟು, ಫ್ಯಾನು, ಒಂದು ಇಸ್ತ್ರಿ ಪೆಟ್ಟಿಗೆ. ಪರಿಚಯದ ಶಾಮಿಯಾನದವರ ಹತ್ತಿರ 2 ಕೆವಿಎ ಪೆಟ್ರೋಲ್ ಜನರೇಟರ್ ಇದೆ, ಎರಡು ವರ್ಷದಿಂದ ಗೋಡೌನಿನಲ್ಲಿ ಬಿದ್ದಿದೆ. 9,000 ಹೇಳುತ್ತಿದ್ದಾರೆ. ಚೋಕ್ ಹಾಕಿದರೆ ಓಡುತ್ತೆ, ತೆಗೆದ ಕೂಡಲೇ ಬಂದ್. ‘ಏನಿಲ್ರಿ, ಕಾರ್ಬೊರೇಟರ್ ಗಲೀಜು’ ಅಂತಾರೆ. ನಂಬಬಹುದಾ?

ಉತ್ತರ (ಮೆಕ್ಯಾನಿಕ್): ಮಾರುವವರೆಲ್ಲ ಹೇಳೋದು ಇದೇ ಮಾತು, ಅರ್ಧ ಸಲ ನಿಜಾನೂ ಹೌದು. ನಿಜವಾದರೆ ನಿಮಗೆ ಲಾಭ, ಯಾಕಂದ್ರೆ ಕಾರ್ಬೊರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ತೊಳೆಯೋದು ಒಂದು ಗಂಟೆಯ ಕೆಲಸ. ಕೆಳಗಿನ ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಆರಿಹೋಗಿ ಬೆಲ್ಲದ ಪಾಕದ ಹಾಗೆ ಅಂಟು ಕಟ್ಟುತ್ತೆ, ಪೆಟ್ರೋಲ್ ಹೋಗುವ ಕೂದಲೆಳೆಯಷ್ಟು ಸಣ್ಣ ಜೆಟ್ ತೂತು ಮುಚ್ಚಿಹೋಗುತ್ತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ನಮ್ಮದು, ಇಲ್ಲಿ ಬೇಗ ಆರುತ್ತೆ. ಆಮೇಲೆ ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತಲ್ವಾ, ಅದು ಗಾಳಿಯ ತೇವ ಎಳೆದುಕೊಳ್ಳುತ್ತೆ. ಚೋಕ್ ಗಾಳಿ ತಡೆಯುತ್ತೆ, ಅದನ್ನು ಹಾಕಿದಾಗ ಮಾತ್ರ ಓಡೋದು ಅಂದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ, ಹಾಗಾಗಿ ಅವರ ಮಾತಿಗೂ ಇದಕ್ಕೂ ತಾಳೆಯಾಗುತ್ತೆ. ಗ್ಯಾಸ್ಕೆಟ್ ಹತ್ತಿರ ಗಾಳಿ ಸೋರಿದರೂ ಹೀಗೇ ಆಗುತ್ತೆ, ಅದೂ ಸಣ್ಣ ಕೆಲಸವೇ.

ಆದರೆ ದುಡ್ಡು ಕೊಡೋ ಮುಂಚೆ ಹೋಗಿ ಒಮ್ಮೆ ನೋಡಿ. ‘ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ’ ಅಂತ ಫೋನ್ ಮಾಡಿ ಹೇಳಿ, ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ, ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಹಗ್ಗ ನಿಧಾನಕ್ಕೆ ಎಳೆಯಿರಿ. ಒಂದು ಕಡೆ ಗಟ್ಟಿಯಾಗಿ ತಡೆದು ನಿಲ್ಲಬೇಕು. ಬಾವಿಯ ಹಗ್ಗದಂತೆ ಸರಸರ ಬಂದರೆ ಕಂಪ್ರೆಷನ್ (ಎಂಜಿನ್ ಒಳಗಿನ ಒತ್ತಡ) ಇಲ್ಲ, ಕಾರ್ಬೊರೇಟರ್ ಎಷ್ಟು ತೊಳೆದರೂ ಸುಮ್ನೆ. ಆಮೇಲೆ ಆಯಿಲ್ ಕಡ್ಡಿ ತೆಗೆದು ಮೂಸಿ. ಪೆಟ್ರೋಲ್ ವಾಸನೆ ಬಂದು, ಆಯಿಲ್ ನೀರುನೀರಾಗಿ ಮಟ್ಟ ಮೀರಿದ್ದರೆ ಫ್ಲೋಟ್ ನೀಡಲ್ (ಬೌಲ್‌ಗೆ ಬರುವ ಪೆಟ್ರೋಲ್ ತಡೆಯೋ ಮುಳ್ಳು) ಸರಿಯಾಗಿ ಕೂತಿಲ್ಲ, ಪೆಟ್ರೋಲ್ ಎಂಜಿನ್‌ಗೆ ಇಳಿದಿದೆ. ಅಂಥ ಆಯಿಲ್‌ನಲ್ಲಿ ಓಡಿಸಿದ್ದರೆ ಬೇರಿಂಗ್ ಸವೆದಿರಬಹುದು, ನಾನಾದರೆ ಬಿಟ್ಟು ಬರುತ್ತೇನೆ.

ಕರೆಂಟನ್ನೂ ಮರೆಯಬೇಡಿ. ಜಾಸ್ತಿ ದಿನ ನಿಂತ ಜನರೇಟರ್‌ಗಳಲ್ಲಿ ಕೆಲವು ಸಲ ಎಂಜಿನ್ ಚೆನ್ನಾಗಿ ಓಡುತ್ತೆ, ಬಲ್ಬ್ ಹತ್ತೋದಿಲ್ಲ. ಒಳಗಿನ ಅಯಸ್ಕಾಂತದ ಗುಣ ಇಳಿದಿರುತ್ತೆ, ಇಲ್ಲಾ ಕೆಪಾಸಿಟರ್ ಹೋಗಿರುತ್ತೆ. ಚೋಕ್‌ನಲ್ಲೇ ಓಡಿಸಿ ಮೀಟರ್ ಹಿಡಿಸಿ. 230 ವೋಲ್ಟ್ ಆಸುಪಾಸು ಬಂದರೆ ಸಾಕು. ಎಂಜಿನ್ ಏರಿಳಿಯುವಾಗ ವೋಲ್ಟೇಜೂ ಕುಣಿಯುತ್ತೆ, ಅದಕ್ಕೆ ಹೆದರಬೇಡಿ.

ಯಾದಗಿರಿಯಿಂದ ಇನ್ನೊಬ್ಬರು: ನಾನು ಹಿಂಗೇ ಒಂದು ತಗೊಂಡು ಮೂರು ಸಲ ಕಾರ್ಬೊರೇಟರ್ ತೊಳೆಸಿದೆ. ಎರಡು ವಾರ ಓಡುತ್ತೆ, ಮತ್ತೆ ಅದೇ ಕಥೆ.

ಉತ್ತರ: ಟ್ಯಾಂಕಿನ ಮುಚ್ಚಳ ತೆಗೆದು ಮೊಬೈಲ್ ಟಾರ್ಚ್ ಬಿಟ್ಟು ನೋಡಿ. ಒಳಗೆ ತುಕ್ಕು ಇದ್ದರೆ ಅದೇ ಇಳಿದು ಜೆಟ್‌ಗೆ ಹೋಗುತ್ತಿರಬಹುದು. ಟ್ಯಾಂಕ್ ಬಿಚ್ಚಿ ತೊಳೆಸಿ, ಪೈಪಿಗೆ ಹೊಸ ಫಿಲ್ಟರ್ ಹಾಕಿಸಿ. ತೊಳೆಯುವವರು ಜೆಟ್‌ಗೆ ಸೂಜಿ ಚುಚ್ಚುತ್ತಾರಾ ಅಂತಲೂ ನೋಡಿ. ಸೂಜಿಯಿಂದ ತೂತು ದೊಡ್ಡದಾದರೆ ಪೆಟ್ರೋಲ್ ಕುಡಿಯುತ್ತೆ, ಕರಿ ಹೊಗೆ ಬಿಡುತ್ತೆ. ವೈರಿನ ಒಂದೆಳೆ ತಾಮ್ರ ಸಾಕು.

ಕಲಬುರಗಿಯವರು: ನಿನ್ನೆ ಹೋಗಿದ್ದೆ ಸರ್. ಹಗ್ಗ ಗಟ್ಟಿ, ಆಯಿಲ್ ಸರಿ, 225 ವೋಲ್ಟ್ ಬಂತು. ಬೌಲ್ ಬಿಚ್ಚಿದರೆ ತಳದಲ್ಲಿ ಹಸಿರು ಅಂಟು. ಅದನ್ನೇ ತೋರಿಸಿ 7,500ಕ್ಕೆ ಇಳಿಸಿದೆ. ಅಂಗಡಿ ಒಳಗೆ ಮೂಲೆಯಲ್ಲಿ ಇಡಬಹುದಾ?

ಉತ್ತರ: ನಿಂತಾಗ ಇಡಿ, ಓಡುವಾಗ ಬೇಡವೇ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಶಟರ್ ಅರ್ಧ ತೆರೆದಿದ್ದರೂ ಜೀವಕ್ಕೆ ಅಪಾಯ. ಹೊರಗಿಟ್ಟು ಓಡಿಸಿ, ಚೇಂಜ್‌ಓವರ್ ಸ್ವಿಚ್ (ಲೈನಿನ ಕರೆಂಟೂ ಜನರೇಟರ್ ಕರೆಂಟೂ ಸೇರದ ಹಾಗೆ ಬದಲಿಸುವ ಸ್ವಿಚ್) ಇಲ್ಲದೆ ಅಂಗಡಿ ವೈರಿಂಗ್‌ಗೆ ಕೊಡಬೇಡಿ. ಇಸ್ತ್ರಿ ಹಚ್ಚಿದಾಗ ಬೇರೆ ಲೋಡ್ ಕಡಿಮೆ ಇಡಿ. ದಿನದ ಕೊನೆಗೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗೇ ನಿಲ್ಲುವವರೆಗೆ ಓಡಲು ಬಿಡಿ, ಆಗ ಬೌಲ್‌ನಲ್ಲಿ ಅಂಟು ಕಟ್ಟುವಷ್ಟು ಪೆಟ್ರೋಲ್ ಉಳಿಯೋದಿಲ್ಲ.