ಬಾವಿ, ಬೋರ್, ಕೆರೆ ಕಥೆಗಳನ್ನು ಮ್ಯಾಪ್ ಮೇಲೆ ಹಾಕೋದು ಹೇಗೆ?

ಪ್ರಶ್ನೆ:
ಕೋಲಾರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹೈಸ್ಕೂಲ್ ಟೀಚರ್ ನಾನು. ನಮ್ಮಲ್ಲಿ ನೀರಿನದೇ ದೊಡ್ಡ ಕಥೆ. ನಮ್ಮ ಬೀದಿಯ ಅಜ್ಜಿ ಬತ್ತಿದ ಬಾವಿ ತೋರಿಸಿ, ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲ ಹೇಳುತ್ತಾರೆ. ಕಲ್ಲಿನ ಮೇಲೆ ಹಗ್ಗ ಉಜ್ಜಿದ ಗೆರೆ ಇನ್ನೂ ಇದೆ. ಪಕ್ಕದಲ್ಲೇ ಸಾವಿರ ಅಡಿ ಕೊರೆಸಿ ಬಿಟ್ಟ ಬೋರ್. ಇದನ್ನೆಲ್ಲ ಮಕ್ಕಳ ಕೈಲಿ ಮ್ಯಾಪ್ ಮೇಲೆ ಹಾಕಿಸಬೇಕು. ಒತ್ತಿದರೆ ಫೋಟೊ, ಅಜ್ಜಿಯ ಮಾತು ಬರಬೇಕು. ಯಾವುದರಲ್ಲಿ ಮಾಡಲಿ?

ಉತ್ತರ 1:
ಮೇಡಂ, ಗೂಗಲ್ ಮೈ ಮ್ಯಾಪ್ಸ್ ಸುಲಭ. ಒಂದು ಮ್ಯಾಪಿಗೆ 10 ಲೇಯರ್ (ಪದರ) ಸಿಗುತ್ತೆ. ಬಾವಿಗೊಂದು, ಬೋರಿಗೊಂದು, ಕೆರೆಗೊಂದು ಇಡಿ. ಧ್ವನಿಗೆ ಲಿಂಕ್ ಕೊಡಿ. ಕಂಪ್ಯೂಟರ್‌ನಲ್ಲೇ ಮಾಡಿ, ಫೋನಲ್ಲಿ ಕಷ್ಟ.

ಉತ್ತರ 2:
ನಾನಾದರೆ ಯುಮ್ಯಾಪ್ ಅಂತೀನಿ. ಅದು ನಮ್ಮದೇ ಮ್ಯಾಪ್ ಮಾಡಿಕೊಳ್ಳೋ ವೆಬ್‌ಸೈಟ್, ಜನರೇ ಸೇರಿ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆ ಮೇಲೆ ನಡೆಯುತ್ತೆ. ನಿಮ್ಮೂರ ಕುಂಟೆ (ಸಣ್ಣ ಕೆರೆ), ರಾಜಕಾಲುವೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಲ್ಲದಿದ್ದರೆ ಮಕ್ಕಳೇ ಸೇರಿಸಬಹುದು, ಎಲ್ಲರಿಗೂ ಉಪಯೋಗ ಅಲ್ವಾ?

ಉತ್ತರ 3:
ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರನ್ನು ಮರೀಬೇಡಿ ಮೇಡಂ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಬೋರಲ್ಲಿ ನೀರು ಮೇಲೆದ್ದಿತು ಅನ್ನೋರೂ ಇದ್ದಾರೆ, ಆ ನೀರಿಗೆ ಹೆದರೋರೂ ಇದ್ದಾರೆ. ಇಬ್ಬರ ಮಾತೂ ಹಾಕಿ.

ಇನ್ನೊಂದು, ಇದು ಮುಖ್ಯ. ಕುಡಿಯುವ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದಾದವರ ಮನೆ ಮೇಲೆ ಪಿನ್ ಚುಚ್ಚಬೇಡಿ. ಅವರು ನೀರು ಹಿಡಿಯುವ ನಲ್ಲಿ ಮೇಲೆ ಹಾಕಿ, ಹೆಸರು ಬೇಡ. ಮದುವೆ ವಯಸ್ಸಿನ ಹೆಣ್ಣುಮಕ್ಕಳಿರುತ್ತಾರೆ, ಊರು ಚಿಕ್ಕದು.

ಪ್ರಶ್ನೆ ಕೇಳಿದವರು:
ನಲ್ಲಿ ಮಾತು ತುಂಬಾ ಸರಿ ಸರ್. ಯುಮ್ಯಾಪ್‌ನಲ್ಲೇ ಶುರು ಮಾಡ್ತೀವಿ. ಅಜ್ಜಿಯನ್ನು ಕೇಳಿ, ಒಪ್ಪಿದರೆ ಮೊದಲ ಪಿನ್ ಅವರ ಬಾವಿಗೇ.