ಅಪ್‌ಡೇಟ್: ಅಂಗವೈಕಲ್ಯ ಪ್ರಮಾಣದ ಮೇಲ್ಮನವಿ ಮುಗಿಯಿತು

ಅಪಘಾತದ ನಂತರ ನನ್ನ ಎಡಗೈಗೆ 36% ಎಂದು ಬರೆದು, ಪಿಂಚಣಿಗೆ ಬೇಕಾದ 40% ಮುಟ್ಟದೆ ಹೋದಾಗ, ಮೇಲ್ಮನವಿಯ ಭಯಕ್ಕೆ ನಿದ್ದೆ ಬರುತ್ತಿಲ್ಲ, ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಮೊನ್ನೆ ಮಂಗಳೂರಿನಲ್ಲಿ ಮರುಪರೀಕ್ಷೆ ಆಯಿತು: 44%.

ಕೆಲಸಕ್ಕೆ ಬಂದದ್ದು ‘ಕೈಲಾಗದ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ’ ಎಂಬ ಸಲಹೆ. ಹೆರೆಮಣೆಯಲ್ಲಿ ಕಾಯಿ ಹೆರೆಯುವಾಗ ಕಡಿ ಜಾರುತ್ತದೆ, ಬಸ್ಸಿನ ಕಂಬಿ ಹಿಡಿದರೆ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತದೆ ಎಂದೆಲ್ಲ ಬರೆದಿದ್ದೆ. ಗಂಟಲು ಕಟ್ಟಿದಾಗ ಹಾಳೆಯನ್ನೇ ಮುಂದಿಟ್ಟೆ. ವೈದ್ಯರು ಓದಿ, ಅಂಗಿಯ ಗುಂಡಿ ಹಾಕಿ ತೋರಿಸಲು ಹೇಳಿದರು. ಮೂರನೆಯದಕ್ಕೇ ಸಾಕೆಂದರು. ಮೊದಲ ಸಲ, ಮರ್ಯಾದೆಗೆ ಅಂಜಿ, ‘ಹೇಗೋ ನಡೆಯುತ್ತದೆ’ ಎಂದುಬಿಟ್ಟಿದ್ದೆ; ಪೆದ್ದುತನ ನನ್ನದೇ.

ಉಸಿರು ಎಣಿಸುವ ಉಪಾಯ ಫಲಿಸಲಿಲ್ಲ, ಎಣಿಸಿದಷ್ಟೂ ಎದೆ ಹೊಡೆದುಕೊಂಡಿತು. ವಕೀಲರ ಅಗತ್ಯ ನನಗೆ ಬೀಳಲಿಲ್ಲ. ಕಟಕಟೆಯನ್ನು ಊಹಿಸಿಕೊಂಡು ಹೋದವನಿಗೆ ಸಿಕ್ಕಿದ್ದು ಮೇಜು, ಮೂವರು ವೈದ್ಯರು, ಗರಗರ ಎನ್ನುವ ಫ್ಯಾನು. ಮೇಲ್ಮನವಿಯ ಹಕ್ಕು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 59ನೇ ಕಲಮಿನಲ್ಲೇ ಇದೆ ಎಂಬುದೂ ಈಗಷ್ಟೇ ತಿಳಿಯಿತು.

ಜೊತೆಗೆ ಬಂದಿದ್ದ ಅಕ್ಕ ಹೊರಗೆ ಬಂದವಳೇ ಗೋಳಿಬಜೆ ಕೊಡಿಸಿದಳು. ಪಿಂಚಣಿ ಅರ್ಜಿಯನ್ನು ಸೋಮವಾರ ಹಾಕುತ್ತೇನೆ.