ಮೂರ್ಸಂಜೆ ಹೊತ್ತಿಗೆ ಅಮ್ಮ ಕತ್ತಲಲ್ಲಿ ಹೋಗಿ ಕೂರುತ್ತಾಳೆ, ಇದು ಬೆಳಕಿನ ಸಮಸ್ಯೆಯೇ?

ಹೊಸನಗರದ ಮಗಳು (ಪ್ರಶ್ನೆ):

ನಮ್ಮೂರು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಮಂಡಿ ಆಪರೇಷನ್ ಆದಮೇಲೆ ಅಮ್ಮನನ್ನು ಬೆಂಗಳೂರಿಗೆ ಕರಕೊಂಡು ಬಂದು ನಾಲ್ಕು ತಿಂಗಳಾಯ್ತು. ವಯಸ್ಸು 72. ಕಾಲು ಈಗ ಚೆನ್ನಾಗಿದೆ, ಹಗಲೆಲ್ಲ ಗೆಲುವಾಗಿಯೇ ಇರುತ್ತಾಳೆ. ಆದರೆ ಸಂಜೆ ನಾನು ಆಫೀಸಿಂದ ಬಂದು ಹಾಲ್‌ನ ಲೈಟ್ ಹಾಕಿದೆನೋ ಇಲ್ಲವೋ, ಎದ್ದು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಕತ್ತಲಲ್ಲಿ ಕೂತುಬಿಡುತ್ತಾಳೆ. ಸೊಳ್ಳೆ ಕಚ್ಚಿದರೂ ಏಳುವುದಿಲ್ಲ. ಕೇಳಿದರೆ "ಏನಿಲ್ಲ ಮಾರಾಯ್ತಿ, ಒಳಗೆ ಯಾಕೋ ಆಸ್ಪತ್ರೇಲಿ ಇದ್ದಂಗೆ ಆಗ್ತದೆ" ಅನ್ನುತ್ತಾಳೆ.

ಆ ಬೆಳಕು ಮಾಡಿಸಿದ್ದು ನಾನೇ. ರಾತ್ರಿ ಎಡವಬಾರದು ಅಂತ ಹಾಲ್‌ಗೆ ಎರಡು, ಅವಳ ರೂಮಿಗೆ ಒಂದು 20 ವ್ಯಾಟ್ ಎಲ್‌ಇಡಿ ಟ್ಯೂಬ್ ಹಾಕಿಸಿದೆ. ಗೋಡೆ ಬಿಳಿ, ನೆಲವೂ ಬಿಳಿ ಟೈಲ್ಸ್. ಸೂಜಿ ಬಿದ್ದರೂ ಕಾಣುತ್ತದೆ.

ಊರಿನ ಮನೆ ಹೀಗಿರಲಿಲ್ಲ. ಮಂಗಳೂರು ಹೆಂಚಿನ ಮಾಡು, ನಡುವೆ ಎರಡು ಗಾಜಿನ ಹೆಂಚು, ಕೆಳಗೆ ಕೆಂಪು ಗಾರೆ ನೆಲ. ಬಿಸಿಲುಕೋಲು ಆ ಹೆಂಚಿನಿಂದ ಇಳಿದು, ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತಾ ಹೋಗುತ್ತಿತ್ತು. ಅದು ಒರಳಿನ ಹತ್ತಿರ ಬಂದರೆ ಅನ್ನಕ್ಕೆ ಎಸರಿಡುವ ಹೊತ್ತು. ಅಮ್ಮ ಗಡಿಯಾರ ನೋಡಿದ್ದು ನನಗೆ ನೆನಪಿಲ್ಲ. ಆಷಾಢದಲ್ಲಂತೂ ನಡುಮಧ್ಯಾಹ್ನವೇ ಕತ್ತಲು, ಹೆಂಚಿನ ಗಾಜಿಗೆ ಪಾಚಿ ಕಟ್ಟಿ ಒಳಗೆಲ್ಲ ಹಸಿರು ಮಬ್ಬು. ಆಗ ನಾವೆಲ್ಲ ಬಚ್ಚಲ ಒಲೆಯ ಮುಂದೆ ಹಲಸಿನಬೀಜ ಸುಡುತ್ತಾ ಕೂರುತ್ತಿದ್ದೆವು. ಅಂಥ ಕತ್ತಲಲ್ಲಿ ಒಂದು ದಿನವೂ ಅಮ್ಮ ಮಂಕಾಗಿದ್ದು ನಾನು ಕಾಣೆ. ಇಷ್ಟು ಬೆಳಕಿರುವ ಮನೆಯಿಂದ ಈಗ ಯಾಕೆ ಎದ್ದು ಹೋಗುತ್ತಾಳೆ? ನಿಮ್ಮ ಮನೆಯಲ್ಲೂ ಹೀಗಾಗಿದೆಯೇ?

ವೈರಿಂಗ್ ಕೆಲಸದವ, ಮೈಸೂರು:

ಮೇಡಂ, ಟ್ಯೂಬ್ ಬಂದ ಡಬ್ಬ ಇದ್ದರೆ ತೆಗೆದು ನೋಡಿ, 6500 ಕೆ ಅಂತ ಬರೆದಿರುತ್ತದೆ. ಕೆ ಅಂದರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ. ಅದು ನಡುಹಗಲಿನ ನೀಲಿ ಕಲೆತ ಬಿಳಿ. ಹಳೆಯ ತಂತಿ ಬಲ್ಬು 2700ರ ಆಸುಪಾಸು, ಎಣ್ಣೆದೀಪ ಇನ್ನೂ ಕೆಳಗೆ. ನಂಬರ್ ಇಳಿದಷ್ಟೂ ಬಣ್ಣ ಹಳದಿಗೆ, ಕೆಂಪಿಗೆ ತಿರುಗುತ್ತದೆ. ಹೊರಗೆ ಆಕಾಶ ಕೆಂಪಾಗುವಾಗ ನಿಮ್ಮ ಹಾಲ್‌ನಲ್ಲಿ ಮಧ್ಯಾಹ್ನ ಹನ್ನೆರಡು ಗಂಟೆ ಶುರುವಾಗುತ್ತಿದೆ.

ಬಣ್ಣಕ್ಕಿಂತ ದೊಡ್ಡ ವಿಷಯ ಎತ್ತರ. ಇಳಿಹೊತ್ತಿನ ಬಿಸಿಲು ಪಕ್ಕದಿಂದ ಬರುತ್ತದೆ, ಒಲೆ ದೀಪಗಳ ಬೆಳಕು ಕೆಳಗಿನಿಂದ ಬರುತ್ತದೆ. ಸೂರಿನ ಹತ್ತಿರ ಎದುರುಬದುರು ಎರಡು ಟ್ಯೂಬ್ ಉರಿದರೆ ಕೋಣೆಯಲ್ಲಿ ನೆರಳೇ ಉಳಿಯುವುದಿಲ್ಲ. ಇಪ್ಪತ್ತು ವರ್ಷದಿಂದ ಮನೆಗಳಿಗೆ ದೀಪ ಹಾಕುತ್ತಿದ್ದೇನೆ. ನೆರಳಿಲ್ಲದ ಕೋಣೆಯಲ್ಲಿ ಜನ ಟಿವಿ ನೋಡುತ್ತಾರೆ, ಮಾತಾಡುತ್ತಾ ಕೂರುವುದಿಲ್ಲ. ಅವರು ಕೂರುವ ಕುರ್ಚಿಯ ಪಕ್ಕ ಭುಜದ ಎತ್ತರಕ್ಕೆ 2700ರ 9 ವ್ಯಾಟ್ ಬಲ್ಬ್ ಒಂದು ಇಡಿ, ಮೇಲೆ ಬಟ್ಟೆಯ ಶೇಡ್ ಇರಲಿ. ಅಂಗಡಿಯಲ್ಲಿ ವಾರ್ಮ್ ವೈಟ್ ಅಂತ ಕೇಳಿ. ಎಡವುವ ಭಯಕ್ಕೆ ಬಚ್ಚಲಿನ ದಾರಿಯಲ್ಲಿ, ನೆಲದಿಂದ ಒಂದಡಿ ಮೇಲೆ, ಸಣ್ಣ ದೀಪ ಸಾಕು. ನೋಡಬೇಕಾದ್ದು ನೆಲ ತಾನೇ?

ಗದಗ ಕಡೆಯವ:

ಅಕ್ಕಾರ, ನಿಮ್ಮ ಅವ್ವಾರ ಸುದ್ದಿ ಓದಿ ನಮ್ಮವ್ವ ನೆನಪಾದ್ಲು. ನಮ್ದು ಮಣ್ಣಿನ ಮಾಳಿಗಿ ಮನಿ. ಗ್ವಾಡಿ ಎರಡಡಿ ದಪ್ಪ, ಕಿಟಕಿ ಭಾಳ ಸಣ್ಣವು. ಬೆಳಕು ಬರೋದು ಮ್ಯಾಲಿನ ಬೆಳಕಿಂಡಿಯಿಂದ ಅಷ್ಟ. ಮಳಿ ಬಂದ್ರ ಅದನ್ನ ಮುಚ್ಚಾಕ ಮಾಳಿಗಿ ಮ್ಯಾಲೆ ಓಡಬೇಕು. ನಿಮ್ಮ ಮಲೆನಾಡಿನಾಗ ಬೆಳಕು ಒಳಗ ತರಾಕ ಗಾಜು ಹಾಕ್ತೀರಿ, ನಮ್ಮ ಕಡೆ ಬೆಳಕು ಹೊರಗ ನಿಲ್ಲಸಾಕ ಗ್ವಾಡಿ ಕಟ್ತೀವಿ. ಏಪ್ರಿಲ್ ಬಿಸಲಾಗ ಹೊಲದಿಂದ ಬಂದು ಹೊಸ್ತಿಲ ದಾಟಿದ್ರ ಆ ಮಬ್ಬು ಕತ್ತಲಿ ಕಣ್ಣಿಗೆ ತಣ್ಣೀರು ಹೊಡದಂಗ ಆಗ್ತಿತ್ತು. ಸಿಟ್ಟಿನಾಗ ಬಂದವ್ರೂ ದನಿ ಇಳಿಸಿ ಮಾತಾಡ್ತಿದ್ರು.

ಆದ್ರ ಸಂಜಿಮುಂದ ಒಳಗ ಯಾರೂ ಕುಂದರ್ತಿರಲಿಲ್ಲ. ಎಲ್ಲಾರೂ ಕಟ್ಟಿ ಮ್ಯಾಲೆ. ಅವ್ವ ಕಾಳು ಹಸನ ಮಾಡಕೋಂತ ಕುಂತಿರ್ತಿದ್ಲು, ಕಾಳು ಕಾಣದಂಗ ಆದಮ್ಯಾಲೆ ಎದ್ದು ದೀಪ ಹಚ್ಚತಿದ್ಲು. ನನಗ ಅನ್ನಸೋದು, ನಿಮ್ಮ ಅವ್ವಾರು ಲೈಟಿಗೆ ಹೆದರಿ ಓಡಿ ಹೋಗಾಕತ್ತಿಲ್ಲ. ಆ ಹೊತ್ತಿಗೆ ಕುಂದರೋ ಜಾಗಕ್ಕ ಹೋಗಿ ಕುಂತಾರ. ನಿಮ್ಮ ಫ್ಲ್ಯಾಟಿನಾಗ ಜಗಲಿ ಅಂತ ಇರೋದು ಆ ಬಾಲ್ಕನಿ ಒಂದ. ನೀವೂ ಒಂದು ಕುರ್ಚಿ ಹಾಕ್ಕೊಂಡು ಬಾಜೂಕ ಕುಂದರ್ರಿ.

ಸ್ಟಾಕ್‌ಹೋಮ್ ಕನ್ನಡಿಗ:

ಅಕ್ಕಾ, ಇಲ್ಲಿ ಡಿಸೆಂಬರ್ ಕೊನೆಯಲ್ಲಿ ಹಗಲು ಆರು ಗಂಟೆ ಮಾತ್ರ, ಮಧ್ಯಾಹ್ನ ಮೂರಕ್ಕೆ ಮುಂಚೆ ಸೂರ್ಯ ಮುಳುಗುತ್ತಾನೆ. ಮೊದಲ ಚಳಿಗಾಲದಲ್ಲಿ ಮನೆಯ ದೀಪಗಳನ್ನೆಲ್ಲ ಹಾಕಿಕೊಂಡು ಕೂತರೂ ನನಗೆ ಅಳು ಬರುವಂತಾಗುತ್ತಿತ್ತು. ಇಲ್ಲಿನವರು ಮಾಡುವುದೇ ಬೇರೆ. ಸೂರಿನ ದೀಪ ಆರಿಸಿ, ಮೂಲೆಗೊಂದು ಸಣ್ಣ ದೀಪ ಇಡುತ್ತಾರೆ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ ಕಿಟಕಿ ಕಿಟಕಿಗೂ ಏಳು ದೀಪಗಳ ಕಂಬ ಇಡುತ್ತಾರೆ. ಅದು ಬೀದಿಯಲ್ಲಿ ನಡೆಯುವವನಿಗೂ ಕಾಣಲಿ ಅಂತ. ಕೆಲಸ ಮುಗಿಸಿ ಹಿಮದಲ್ಲಿ ಬರುವಾಗ ನನಗೆ ನಮ್ಮೂರಿನ ಕಾರ್ತಿಕದ ಓಣಿ ಕಂಡಂತಾಗುತ್ತದೆ.

ಕಣ್ಣಲ್ಲಿ ನೋಡುವುದಕ್ಕೆ ಇರುವ ಕೋಶಗಳಲ್ಲದೆ, ಹಗಲು ಇರುಳು ಯಾವುದು ಅಂತ ಮಿದುಳಿಗೆ ಹೇಳುವ ಕೋಶಗಳು ಬೇರೆಯೇ ಇವೆ. ನೀಲಿ ಬೆಳಕು, ಅಲೆಯ ಉದ್ದ ಸುಮಾರು 480 ನ್ಯಾನೋಮೀಟರ್ ಇರುವುದು, ಅವಕ್ಕೆ ಬೇಗ ತಾಗುತ್ತದೆ. ರಾತ್ರಿ ಅದು ಜಾಸ್ತಿಯಾದರೆ ನಿದ್ದೆ ತರುವ ಮೆಲಟೋನಿನ್ ತಡವಾಗುತ್ತದೆ. ಹಾಗಾಗಿ ಬೆಳಗ್ಗೆ ಅಮ್ಮನನ್ನು ಹೊರಗೆ ಕೂರಿಸಿ. ಮೋಡವಿದ್ದರೂ ಹೊರಗೆ ಸಾವಿರಾರು ಲಕ್ಸ್ (ಬೆಳಕು ಎಷ್ಟು ಬೀಳುತ್ತದೆ ಎಂಬುದರ ಅಳತೆ) ಇರುತ್ತದೆ, ರಾತ್ರಿ ಮನೆಯೊಳಗೆ ಇನ್ನೂರು ಮುನ್ನೂರು ಇದ್ದರೆ ಹೆಚ್ಚು. ಒಮ್ಮೆ ಕಣ್ಣನ್ನೂ ತೋರಿಸಿ. ಪೊರೆ ಬರುತ್ತಿದ್ದರೆ ಬಿಳಿ ದೀಪ ಕಣ್ಣಿಗೆ ಚುಚ್ಚುತ್ತದೆ. ಅವರು ಆಸ್ಪತ್ರೆ ಅಂದಿದ್ದು ಅದಕ್ಕೂ ಇರಬಹುದು.

ಹೊಸನಗರದ ಮಗಳು:

ಎಲ್ಲರಿಗೂ ವಂದನೆ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಕಣ್ಣು ತೋರಿಸಿದೆವು, ಎಡಗಣ್ಣಲ್ಲಿ ಪೊರೆ ಶುರುವಾಗಿದೆಯಂತೆ, ಸದ್ಯಕ್ಕೆ ಆಪರೇಷನ್ ಬೇಡ ಅಂದರು. ನಾಲ್ಕು ತಿಂಗಳು ಆ ಟ್ಯೂಬಿನ ಕೆಳಗೆ ಕೂರಿಸಿದ್ದೆನಲ್ಲ ಅಂತ ಹೊಟ್ಟೆಗೆ ಸಂಕಟವಾಯಿತು.

ಈಗ ಕುರ್ಚಿ ಪಕ್ಕ ಹಳದಿ ದೀಪ ಬಂದಿದೆ. ಆದರೆ ದೊಡ್ಡ ವ್ಯತ್ಯಾಸ ಮಾಡಿದ್ದು ಗದಗದ ಅಣ್ಣ ಹೇಳಿದ್ದು. ಈಗ ಕಾರ್ತಿಕ, ಆರಕ್ಕೆ ಮುಂಚೆಯೇ ಸೂರ್ಯ ಇಳಿಯುತ್ತಾನೆ, ಹಾಗಾಗಿ ಮನೆಯಿಂದ ಕೆಲಸ ಮಾಡುವ ದಿನ ಮಾತ್ರ ಆಗುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಅವಳ ಪಕ್ಕ ಕೂರುತ್ತೇನೆ. ಎದುರಿನ ಕಟ್ಟಡದ ನೀರಿನ ಟ್ಯಾಂಕುಗಳ ಮೇಲೆ ಮೊದಲು ಹೊಂಬಣ್ಣ, ಆಮೇಲೆ ಬೂದಿ ಬಣ್ಣ. ಇಪ್ಪತ್ತು ನಿಮಿಷದ ಒಳಗೆ ಎಲ್ಲ ಮುಗಿಯುತ್ತದೆ. ಇಷ್ಟು ವರ್ಷ ಈ ಮನೆಯಲ್ಲಿದ್ದರೂ ನಾನು ಅದನ್ನು ನೋಡಿರಲಿಲ್ಲ. ಪೂರ್ತಿ ಕಪ್ಪಾದ ಮೇಲೆ ಅವಳೇ ಎದ್ದು, "ದೀಪ ಹಚ್ಚುವ ಹೊತ್ತಾಯ್ತು" ಅಂತ ಒಳಗೆ ಹೋಗುತ್ತಾಳೆ. ಊಟದವರೆಗೂ ಹಾಲ್‌ನಲ್ಲೇ ಇರುತ್ತಾಳೆ.

ಅಡುಗೆಮನೆಯ ಟ್ಯೂಬ್ ಬದಲಿಸಲು ಹೋದರೆ ಬೇಡ ಅಂದಳು, ಅಕ್ಕಿಯ ಕಲ್ಲು ಆರಿಸಲು ಅದೇ ಸರಿಯಂತೆ. ನಿನ್ನೆ ಕತ್ತಲಾಗುತ್ತಿದ್ದಂತೆ ಊರಲ್ಲಿರುವ ತಮ್ಮನಿಗೆ ಫೋನ್ ಮಾಡಿಸಿದಳು: "ಮಳೆಗಾಲ ಮುಗೀತಲ್ಲ, ಗಾಜಿನ ಹೆಂಚಿನ ಪಾಚಿ ತಿಕ್ಕಿಸಿದೆಯೇನೋ?"